ಬಿಸಿಲಿಗೆ ನೀರಾಡುವ ಕಣ್ಣು

ಬೆಳಿಗ್ಗೆ ಹತ್ತೂಕಾಲು. ನೇತ್ರ ಬ್ಯಾಂಕಿನ ನೋಂದಣಿ ಕೋಣೆಗೆ ಒಬ್ಬ ಟೈಲರಮ್ಮ ಬಂದಳು. ಬಟ್ಟೆಗೆ ಅಲ್ಲಲ್ಲಿ ನೂಲಿನ ತುಣುಕುಗಳು ಅಂಟಿದ್ದವು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದವಳು ಹಾಗೇ ಬಂದಿದ್ದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅಂಚೆಯಲ್ಲಿ ತನಗೆ ಬಂದ ಒಂದು ಲಕೋಟೆಯನ್ನು ಮೇಜಿನ ಮೇಲೆ ಇಟ್ಟಳು.

ನೋಂದಣಿ ನೋಡಿಕೊಳ್ಳುವಾಕೆಯನ್ನು ಅಲ್ಲಿ ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಇಪ್ಪತ್ತಾರು ವರ್ಷ ಅದೇ ಕೋಣೆ, ಅದೇ ಕಿಟಕಿ. ದೊಡ್ಡಕ್ಕ ಲಕೋಟೆ ಬಿಡಿಸಿದರು. ಒಳಗೆ ಒಂದು ಹಾಳೆ. ಅಚ್ಚಾದ ಎರಡೇ ಸಾಲು.

‘ಆ ಬಲಗಣ್ಣು ಚೆನ್ನಾಗಿದೆಯಾ? ಮಧ್ಯಾಹ್ನದ ಬಿಸಿಲಿಗೆ ನೀರಾಡುತ್ತಿತ್ತು, ಜೋಪಾನವಾಗಿ ನೋಡಿಕೊಳ್ಳಿ.’

ಸಹಿ ಇಲ್ಲ. ಕಳಿಸಿದವರ ವಿಳಾಸ ಇಲ್ಲ.

ದೊಡ್ಡಕ್ಕ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಎಂಟು ತಿಂಗಳ ಹಿಂದೆ ಈ ಟೈಲರಮ್ಮನ ಬಲಗಣ್ಣಿಗೆ, ತೀರಿಹೋದ ಯಾರದೋ ಕಣ್ಣಿನ ಮುಂದಿನ ಗಾಜಿನಂಥ ಪದರವನ್ನು ಜೋಡಿಸಿದ್ದರು. ಕೊಟ್ಟವರು ಯಾರೆಂದು ಇವಳಿಗೆ ಗೊತ್ತಿಲ್ಲ. ಪಡೆದವರು ಯಾರೆಂದು ಅವರ ಮನೆಯವರಿಗೂ ಗೊತ್ತಿಲ್ಲ. ಗೊತ್ತಾಗಕೂಡದು ಎಂಬುದೇ ನಿಯಮ. ಎರಡೂ ತುದಿ ಒಂದೇ ಕಡೆ ಬರೆದಿಟ್ಟಿತ್ತು. ಅದು ದೊಡ್ಡಕ್ಕನ ಕಂಪ್ಯೂಟರಿನ ಪಟ್ಟಿಯಲ್ಲಿ.

“ಯಾರಾದ್ರೂ ನನ್ನ ಹಿಂದೆ ಬಿದ್ದಿದ್ದಾರಾ ಅಕ್ಕಾ?” ಟೈಲರಮ್ಮ ಮೆಲ್ಲಗೆ ಕೇಳಿದಳು.

ದೊಡ್ಡಕ್ಕ ಲಕೋಟೆ ಎತ್ತಿಕೊಂಡು ನಿರ್ದೇಶಕರ ಕೋಣೆಗೆ ನಡೆದರು.

* * *

ಮಧ್ಯಾಹ್ನದ ಹೊತ್ತಿಗೆ ಸೈಬರ್ ಠಾಣೆಯ ಇನ್ಸ್‌ಪೆಕ್ಟರ್ ಬಂದರು. ನಲವತ್ತೈದರ ಹೆಂಗಸು. ಮಾತು ಕಡಿಮೆ, ನೋಟ ಜಾಸ್ತಿ. ಯಂತ್ರ ಮುಟ್ಟುವ ಮೊದಲು ಯಂತ್ರ ಮುಟ್ಟಿದವರನ್ನು ಮಾತಾಡಿಸಬೇಕು ಎಂಬುದು ಅವರ ಪದ್ಧತಿ.

ಬ್ಯಾಂಕಿನ ನಿರ್ದೇಶಕರು ಕಣ್ಣಿನ ಡಾಕ್ಟರು. ಅವರು ಆಗಲೇ ತೀರ್ಪು ಕೊಟ್ಟಾಗಿತ್ತು. ಪಟ್ಟಿಗೆ ಪಾಸ್‌ವರ್ಡ್ ಇದೆ, ಕೋಣೆಗೆ ಬೀಗ ಇದೆ, ಎರಡೂ ದೊಡ್ಡಕ್ಕನ ಕೈಯಲ್ಲೇ ಇವೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ ಎಂದರು. ದುಡುಕಿ ಆ ಮಾತು ಆಡಿದ್ದರು. ಆಡಿದ ಮೇಲೆ ಅವರ ಮುಖವೂ ಸಪ್ಪಗಾಯಿತು. ಆದರೂ ದೊಡ್ಡಕ್ಕನನ್ನು ಕೆಲಸದಿಂದ ಅಮಾನತು ಮಾಡುವ ಕಾಗದ ಟೈಪಾಗಿ ಮೇಜಿನ ಮೇಲೆ ಕೂತಿತ್ತು.

ಇನ್ಸ್‌ಪೆಕ್ಟರ್ ಆ ಕಾಗದ ಓದಿ, ಮಗುಚಿ ಇಟ್ಟರು. ದೊಡ್ಡಕ್ಕನ ಎದುರು ಕೂತರು. ಕಳೆದ ಎರಡು ತಿಂಗಳಲ್ಲಿ ಕಂಪ್ಯೂಟರಿನಲ್ಲಿ ಏನೇನು ತೆರೆದಿರಿ, ನಿಧಾನವಾಗಿ ನೆನಪಿಸಿಕೊಳ್ಳಿ ಎಂದರು.

ದೊಡ್ಡಕ್ಕ ದಿನಕ್ಕೆ ಇಪ್ಪತ್ತು ಮೂವತ್ತು ಪಿಡಿಎಫ್ ಕಡತ ತೆರೆಯುತ್ತಿದ್ದರು. ಮರಣ ಪತ್ರ, ಒಪ್ಪಿಗೆ ಪತ್ರ, ಆಸ್ಪತ್ರೆಗಳ ವರದಿ. ಮಿಂಚಂಚೆಯಲ್ಲಿ ಬಂದದ್ದನ್ನು ತೆರೆಯುವುದೇ ಅವರ ಉದ್ಯೋಗ. ತೆರೆಯಬೇಡಿ ಅಂದರೆ ಅಂಚೆಯವನಿಗೆ ಪತ್ರ ಮುಟ್ಟಬೇಡ ಅಂದಂತೆ.

“ಅದರಲ್ಲಿ ಯಾವುದಾದ್ರೂ ವಿಚಿತ್ರವಾಗಿ ನಡಕೊಳ್ತಾ?”

ದೊಡ್ಡಕ್ಕ ಬೆರಳು ಮಡಿಸುತ್ತಾ ವಾರಗಳನ್ನು ಎಣಿಸಿದರು. ಒಂದಿತ್ತು. ಐದು ವಾರದ ಹಿಂದೆ, ಯಾವುದೋ ಆಸ್ಪತ್ರೆಯ ಹೆಸರಲ್ಲಿ, ‘ಒಪ್ಪಿಗೆ ಪತ್ರದ ತಿದ್ದುಪಡಿ’ ಎಂದು ಬಂದಿತ್ತು. ತೆರೆದರೆ ಬರೀ ಬಿಳಿ ಪುಟ. ಮಧ್ಯೆ ಒಂದು ಚಿಕ್ಕ ಚೌಕ. ಈ ಕಡತ ಕೆಲಸ ಮಾಡಲು ಅನುಮತಿ ಕೊಡುತ್ತೀರಾ ಎಂಬ ಪ್ರಶ್ನೆ. ದೊಡ್ಡಕ್ಕ ಹೌದು ಒತ್ತಿದರು. ಮತ್ತೂ ಬಿಳಿ ಪುಟವೇ. ಕಡತ ಕೆಟ್ಟಿರಬೇಕು ಅಂದುಕೊಂಡು, ದಯವಿಟ್ಟು ಇನ್ನೊಮ್ಮೆ ಕಳಿಸಿ ಎಂದು ಮರುಪತ್ರ ಬರೆದರು. ಉತ್ತರ ಬರಲಿಲ್ಲ. ಪಾಪ, ಯಾರದೋ ಮನೆಯ ಕಾಗದ ಹಿಂದೆ ಬೀಳಬಾರದು ಎಂದು ಒಟ್ಟು ಮೂರು ಸಲ ಬರೆದಿದ್ದರು.

ಹೇಳುತ್ತಾ ಹೇಳುತ್ತಾ ಅವರಿಗೇ ಅರ್ಥವಾಯಿತು.

“ನಾನೇ ಬಾಗಿಲು ತೆಗೆದೆನಾ ಮೇಡಂ?”

“ಬಾಗಿಲು ತೆಗೆದೋರು ಕಳ್ಳರಲ್ಲ,” ಅಂದರು ಇನ್ಸ್‌ಪೆಕ್ಟರ್.

ದೊಡ್ಡಕ್ಕ ಮೇಜಿನ ಡ್ರಾಯರಿನಿಂದ ತಮ್ಮ ಕನ್ನಡಕದ ಡಬ್ಬಿ, ಒಂದು ಬಾಚಣಿಗೆ, ನೀರಿನ ಬಾಟಲಿ ಎತ್ತಿಕೊಂಡು ಮನೆಗೆ ಹೋದರು. ಇಪ್ಪತ್ತಾರು ವರ್ಷದ ಸಾಮಾನು ಒಂದು ಕೈಚೀಲದಲ್ಲಿ ಹಿಡಿಯಿತು.

* * *

ಮೊದಲ ಅನುಮಾನ ಕಂಪ್ಯೂಟರ್ ರಿಪೇರಿಯವನ ಮೇಲೆ ಬಿತ್ತು. ತಿಂಗಳಿಗೊಮ್ಮೆ ಬಂದು ಯಂತ್ರಗಳ ಧೂಳು ಹೊಡೆದು ಹೋಗುವ ಮನುಷ್ಯ. ಪೊಲೀಸರ ಹೆಸರು ಕೇಳಿದ್ದೇ ತಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಬೆವರತೊಡಗಿದ. ಕೇಳದ ಪ್ರಶ್ನೆಗೂ ಉತ್ತರ ಕೊಟ್ಟ. ಹೋದ ಮಂಗಳವಾರ ಎಲ್ಲಿದ್ದೆ ಎಂಬುದನ್ನು ಎರಡು ಸಲ ಹೇಳಿದ, ಎರಡೂ ಬೇರೆ ಬೇರೆ.

ಇನ್ಸ್‌ಪೆಕ್ಟರ್ ಅವನಿಗೆ ನೀರು ಕೊಟ್ಟರು. ಸುಮ್ಮನೆ ಕೂತರು. ಮೌನ ಅವನಿಗೆ ತಡೆಯಲಾಗಲಿಲ್ಲ.

ಅವನ ಗುಟ್ಟು ಬೇರೆಯೇ ಇತ್ತು. ಆ ಕಂಪ್ಯೂಟರಿನಲ್ಲಿ ಪಿಡಿಎಫ್ ಓದುವ ತಂತ್ರಾಂಶ ನಾಲ್ಕು ವರ್ಷ ಹಳೆಯದು. ಹೊಸದು ಹಾಕಿ ಎಂದು ಪರದೆಯ ಮೂಲೆಯಲ್ಲಿ ದಿನಾ ಸೂಚನೆ ಬರುತ್ತಿತ್ತು. ಒಮ್ಮೆ ಹಾಕಿದಾಗ ಲೇಬಲ್ ಅಚ್ಚು ಮಾಡುವ ಪ್ರಿಂಟರ್ ನಿಂತುಹೋಗಿತ್ತು. ನಿರ್ದೇಶಕರು ರೇಗಿದ್ದರು. ಅವನು ಹಳೆಯದನ್ನೇ ಮತ್ತೆ ಹಾಕಿ, ಸೂಚನೆ ಬರುವುದನ್ನೇ ನಿಲ್ಲಿಸಿ, ಅಪ್‌ಡೇಟ್ ತಂಟೆಗೆ ಹೋಗಬೇಡಿ ಎಂದು ದೊಡ್ಡಕ್ಕನಿಗೆ ಹೇಳಿಹೋಗಿದ್ದ. ಹಳೆಯ ತಂತ್ರಾಂಶದಲ್ಲಿ ತೂತುಗಳಿರುತ್ತವೆ, ಹೊಸದು ಬರುವುದೇ ಆ ತೂತು ಮುಚ್ಚಲಿಕ್ಕೆ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೇ ಬೆವರು.

ಸೋಮಾರಿತನ ಹೌದು, ಕಳ್ಳತನ ಅಲ್ಲ. ಇನ್ಸ್‌ಪೆಕ್ಟರ್ ಅವನನ್ನು ಕಳಿಸಿಕೊಟ್ಟರು.

* * *

ಮೂರನೇ ದಿನ ಲ್ಯಾಬಿನಿಂದ ಕರೆ ಬಂತು. ಲ್ಯಾಬಿನ ತಜ್ಞ ನಿವೃತ್ತಿಗೆ ಹತ್ತಿರವಾದ ಮನುಷ್ಯ, ಕಳ್ಳ ಕಡತಗಳನ್ನು ಹಣ್ಣು ಸುಲಿದ ಹಾಗೆ ಸುಲಿದು ನೋಡುವುದರಲ್ಲಿ ಪಳಗಿದವನು.

ಅವನು ವಿವರಿಸಿದ. ಪಿಡಿಎಫ್ ಅಂದರೆ ಜನ ಕಾಗದ ಅಂದುಕೊಳ್ಳುತ್ತಾರೆ. ಕಾಗದ ಅಲ್ಲ ಅದು, ಪೆಟ್ಟಿಗೆ. ಅದರೊಳಗೆ ಅಕ್ಷರ, ಚಿತ್ರ ಮಾತ್ರವಲ್ಲ, ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನೂ ಅಡಗಿಸಿಡಬಹುದು. ಓದುವ ತಂತ್ರಾಂಶ ಹೊಸದಾಗಿದ್ದರೆ ಆ ಆಜ್ಞೆಗಳನ್ನು ಬಾಗಿಲಲ್ಲೇ ತಡೆಯುತ್ತದೆ. ಹಳೆಯದಾಗಿದ್ದರೆ ಒಳಗೆ ಬಿಟ್ಟು ಚಾಪೆ ಹಾಸುತ್ತದೆ. ಈ ಬಿಳಿ ಪುಟದ ಹಿಂದೆ ನೂರ ಹತ್ತು ಸಾಲು ಇದ್ದವು. ಅವು ಒಂದು ಪುಟ್ಟ ಪ್ರೋಗ್ರಾಮನ್ನು ಕಂಪ್ಯೂಟರಿನಲ್ಲಿ ಇಳಿಸಿದವು. ದೊಡ್ಡಕ್ಕ ಎಂದಿನಂತೆ ಪಾಸ್‌ವರ್ಡ್ ಹಾಕಿ ಪಟ್ಟಿ ತೆರೆದಾಗ ಅದು ಒಂದು ಸಾಲು ಮಾತ್ರ ನಕಲು ಮಾಡಿಕೊಂಡಿತು.

“ಒಂದೇ ಸಾಲಾ?”

“ಒಂದೇ. ಪಟ್ಟಿಯಲ್ಲಿ ಮೂರು ಸಾವಿರ ಹೆಸರಿವೆ. ಬಾಕಿ ಯಾವುದನ್ನೂ ಮುಟ್ಟಿಲ್ಲ. ಮೂರು ದಿನ ಇದ್ದು, ತನ್ನನ್ನು ತಾನೇ ಅಳಿಸಿಕೊಂಡು ಹೋಗಿದೆ. ಮೂಲ ಕಡತ ಮಾತ್ರ ಅಂಚೆಯಲ್ಲಿ ಉಳಿದುಕೊಂಡಿತ್ತು.”

ಟೈಲರಮ್ಮನ ಬಲಗಣ್ಣಿನ ಸಾಲು. ಇನ್ಸ್‌ಪೆಕ್ಟರ್ ಗದ್ದಕ್ಕೆ ಕೈ ಹಚ್ಚಿದರು.

ತಜ್ಞ ಇನ್ನೆರಡು ವಿಷಯ ಹೇಳಿದ. ಒಂದು, ಇದನ್ನು ಮಾಡಿದವರಿಗೆ ದೊಡ್ಡಕ್ಕನ ತಂತ್ರಾಂಶ ಎಷ್ಟು ಹಳೆಯದೆಂದು ನಿಖರವಾಗಿ ಗೊತ್ತಿತ್ತು. ಆ ಬೀಗಕ್ಕೇ ಮಾಡಿದ ಕೀಲಿ. ಇನ್ನೊಂದನ್ನು ಹೇಳುವಾಗ ಅವನ ಮುಖದಲ್ಲಿ ಒಂಥರಾ ಗೌರವ ಇತ್ತು. ಕಳ್ಳರು ಬರೆಯುವ ಆಜ್ಞೆಗಳು ಗೋಜಲು ಗೋಜಲಾಗಿರುತ್ತವೆ, ಬೇಕೆಂದೇ. ಇಲ್ಲಿ ಹಾಗಿಲ್ಲ. ಪ್ರತಿ ಹತ್ತು ಸಾಲಿಗೊಂದು ಟಿಪ್ಪಣಿ. ‘ಈ ಭಾಗ ಇಂಥ ಕೆಲಸ ಮಾಡುತ್ತದೆ, ಈ ಭಾಗ ಹೀಗೆ ನಿಲ್ಲುತ್ತದೆ.’ ಓದುವವರಿಗೆ ಅರ್ಥವಾಗಲಿ ಎಂಬ ಕಾಳಜಿ.

“ಕಳ್ಳತನ ಮಾಡುವಾಗಲೂ ಪಾಠ ಹೇಳಿದ ಹಾಗಿದೆ ಮೇಡಂ,” ಎಂದ.

* * *

ಕಣ್ಣು ಕೊಟ್ಟವಳು ಇಪ್ಪತ್ತೊಂಬತ್ತರ ಹೆಂಗಸು. ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವಳು. ರಸ್ತೆ ದಾಟುವಾಗ ಅಪಘಾತ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನು ಗಂಡ.

ಇನ್ಸ್‌ಪೆಕ್ಟರ್ ಅವನ ಮನೆಗೆ ಹೋದರು. ಎರಡಂತಸ್ತಿನ ಸಣ್ಣ ಮನೆ. ಗಂಡ ನೀರು ಶುದ್ಧೀಕರಣ ಕೇಂದ್ರದಲ್ಲಿ ಹಗಲು ಪಾಳಿಯ ಮೇಲ್ವಿಚಾರಕ, ಅಂದು ರಜೆ. ಮುಖ ಕ್ಷೌರ ಮಾಡಿ ವಾರವಾಗಿತ್ತು. ಅವನ ತಾಯಿ ಚಹಾ ತಂದಿಟ್ಟು, ಪಕ್ಕದ ಕುರ್ಚಿಯಲ್ಲಿ ಕೂತರು. ಅರವತ್ತೈದರ ಆಸುಪಾಸು, ತೆಳ್ಳಗಿನ ಮೈ. ಇನ್ಸ್‌ಪೆಕ್ಟರ್ ಪತ್ರ ತೋರಿಸಿದಾಗ ಗಂಡ ಎರಡು ಸಲ ಓದಿದ.

“ನೀರಾಡ್ತಿತ್ತಾ? ನನಗೆ ಗೊತ್ತೇ ಇರಲಿಲ್ಲ,” ಎಂದ. ಪತ್ರ ಹಿಂದಕ್ಕೆ ಕೊಡುತ್ತಾ, “ಗೊತ್ತಿರಬೇಕಿತ್ತು,” ಎಂದ.

ಸುಳ್ಳಾಡುವ ಮುಖ ಅಲ್ಲ ಅದು. ಅವನಿಗೆ ಕಂಪ್ಯೂಟರೂ ಅಷ್ಟಕ್ಕಷ್ಟೇ. ಹೊರಡುವಾಗ ಇನ್ಸ್‌ಪೆಕ್ಟರ್ ತಾಯಿಯನ್ನೂ ಮಾತಾಡಿಸಿದರು. ಅಮ್ಮ ಏನು ಮಾಡ್ತಿದ್ರಿ ಎಂದು ಕೇಳಿದರು. ಟೀಚರ್ ಆಗಿದ್ದೆ, ಈಗ ಮನೇಲೇ ಎಂದಷ್ಟೇ ಹೇಳಿ, ಆಕೆ ಲೋಟ ಎತ್ತಿಕೊಂಡು ಒಳಗೆ ಹೋದರು.

ಸತ್ತವಳ ಹೆತ್ತಮ್ಮ ದೂರದ ಊರಲ್ಲಿದ್ದರು. ಇನ್ಸ್‌ಪೆಕ್ಟರ್ ಫೋನಿನಲ್ಲಿ ಕೇಳಿದಾಗ, ಮಗಳ ಕಣ್ಣಿಗೆ ಯಾವ ತೊಂದರೆಯೂ ಇರಲಿಲ್ಲ, ಹತ್ತು ಮಾರು ದೂರದ ಸೂಜಿಯನ್ನೂ ಹೆಕ್ಕುತ್ತಿದ್ದಳು ಎಂದು ಆ ತಾಯಿ ಅತ್ತರು. ಅಲ್ಲಿಗೆ ಆ ದಾರಿಯೂ ಮುಗಿಯಿತು.

* * *

ಆ ವಾರ ಕೆಟ್ಟ ಸುದ್ದಿ ಬಂತು. ಪತ್ರದ ವಿಷಯ ಹೇಗೋ ಊರಲ್ಲಿ ಹಬ್ಬಿತ್ತು. ಕಣ್ಣು ಕೊಡುತ್ತೇವೆಂದು ಬರೆದುಕೊಟ್ಟಿದ್ದ ಇಬ್ಬರು ಬಂದು ಒಪ್ಪಿಗೆ ಹಿಂದಕ್ಕೆ ಪಡೆದರು. ನಾಳೆ ನಮ್ಮ ಮನೆಯವರ ವಿಳಾಸವೂ ಬೀದಿಗೆ ಬೀಳುವುದಿಲ್ಲ ಅಂತ ಏನು ಗ್ಯಾರಂಟಿ ಎಂದು ಕೇಳಿದರು. ಸರದಿಯಲ್ಲಿ ಕಾಯುತ್ತಿದ್ದವರು ನೂರ ನಲವತ್ತು ಮಂದಿ.

ಇನ್ಸ್‌ಪೆಕ್ಟರ್ ಠಾಣೆಯಲ್ಲಿ ಊಟದ ಡಬ್ಬಿ ಬಿಚ್ಚಿದ್ದರು. ಫೋನ್ ಬಂತು. ಅವರ ಅತ್ತೆ. ದಿನಾ ಒಂದು ಗಂಟೆಗೆ ಮಾಡುತ್ತಿದ್ದರು, ಇವರು ದಿನಾ ಅರ್ಧ ನಿಮಿಷದಲ್ಲಿ ಮುಗಿಸುತ್ತಿದ್ದರು. ಬೆಳಗಿನ ಜಾವ ಮತ್ತೆ ಕೆಮ್ಮುತ್ತಿದ್ದೆಯಲ್ಲ, ತಣ್ಣೀರು ಮುಟ್ಟಬೇಡ ಎಂದರು ಅತ್ತೆ. ಹೂಂ ಅತ್ತೆ ಎಂದು ಇಟ್ಟರು.

ಇಟ್ಟವರು ತುತ್ತು ಎತ್ತಲಿಲ್ಲ.

ಕೆಮ್ಮಿದ್ದು ನಿಜ. ಪಕ್ಕದಲ್ಲೇ ಮಲಗಿದ್ದ ಗಂಡನಿಗೆ ಅದು ಕೇಳಿಸಿರಲಿಲ್ಲ. ಹೆತ್ತಮ್ಮನಿಗೆ ಗೊತ್ತಾಗುವ ದಾರಿಯೇ ಇಲ್ಲ. ಗೋಡೆಯಾಚೆ ಮಲಗಿದ್ದ ಅತ್ತೆಗೆ ಕೇಳಿಸಿತ್ತು.

ಅವರು ಡಬ್ಬಿ ಮುಚ್ಚಿ ಜೀಪಿನ ಕೀಲಿ ಎತ್ತಿಕೊಂಡರು.

* * *

ದಾರಿಯಲ್ಲಿ ಎರಡು ಕಡೆ ವಿಚಾರಿಸಿ, ಅದೇ ಮನೆಗೆ ಹೋದಾಗ ಎರಡು ಗಂಟೆ. ಮಗ ಕೆಲಸಕ್ಕೆ ಹೋಗಿದ್ದ. ತಾಯಿ ತಾರಸಿಯಲ್ಲಿದ್ದರು. ಅಲ್ಲಿ ಬಿಸಿಲಿಗೆ ಎರಡು ಬೆತ್ತದ ಕುರ್ಚಿ. ಒಂದರಲ್ಲಿ ಆಕೆ ಕೂತಿದ್ದರು. ಇನ್ನೊಂದರ ಧೂಳನ್ನು ಸೆರಗಿನಿಂದ ಒರೆಸಿ, ಬನ್ನಿ ಕೂತ್ಕೊಳ್ಳಿ ಎಂದರು. ಬಂದದ್ದು ಯಾಕೆಂದು ಕೇಳಲಿಲ್ಲ.

ಇನ್ಸ್‌ಪೆಕ್ಟರ್ ಗದರಲಿಲ್ಲ. ಒಂದೊಂದಾಗಿ ಹೇಳುತ್ತಾ ಹೋದರು.

ಪತ್ರ ಬರೆದವರು ಆ ಕಣ್ಣನ್ನು ಮಧ್ಯಾಹ್ನದ ಬಿಸಿಲಲ್ಲಿ ನೋಡಿದವರು. ಗಂಡನದು ಹಗಲು ಪಾಳಿ. ಹೆತ್ತಮ್ಮ ದೂರ. ಹಾಗಾದರೆ ಆ ಹೊತ್ತಲ್ಲಿ ಜೊತೆಗಿದ್ದವರು ಯಾರು? ಇನ್ನು ಬೀಗದ ವಿಷಯ. ಕಣ್ಣು ಕೊಟ್ಟ ಪ್ರತಿ ಮನೆಗೂ ದೊಡ್ಡಕ್ಕ ಕೃತಜ್ಞತಾ ಪತ್ರ ಕಳಿಸುತ್ತಾರೆ, ಪಿಡಿಎಫ್ ರೂಪದಲ್ಲಿ. ಓದುವುದಕ್ಕೂ ಮಾಡುವುದಕ್ಕೂ ಅವರದು ಒಂದೇ ತಂತ್ರಾಂಶ. ಅದರ ಹೆಸರು, ಅದು ಎಷ್ಟು ಹಳೆಯದು ಎಂಬ ವಿವರ ಆ ಪತ್ರದ ಒಳಗೇ ದಾಖಲಾಗಿರುತ್ತದೆ. ನೋಡಲು ಬಲ್ಲವರಿಗೆ ಕಾಣುತ್ತದೆ. ಲ್ಯಾಬಿನ ತಜ್ಞ ಅದನ್ನು ಈಗಷ್ಟೇ ಖಚಿತಪಡಿಸಿದ್ದ. ಕೊನೆಯದು ಆ ಟಿಪ್ಪಣಿಗಳು. ಹತ್ತು ಸಾಲಿಗೊಂದು. ಇನ್ಸ್‌ಪೆಕ್ಟರ್ ಬರುವ ದಾರಿಯಲ್ಲಿ ಪಾಲಿಟೆಕ್ನಿಕ್‌ಗೂ ಹೋಗಿ ಬಂದಿದ್ದರು. ಕಂಪ್ಯೂಟರ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದ ಒಬ್ಬ ಟೀಚರನ್ನು ಅಲ್ಲಿ ಎಲ್ಲರೂ ನೆನೆಸಿಕೊಂಡರು. ಟಿಪ್ಪಣಿ ಬರೆಯದೆ ತಂದ ಪ್ರೋಗ್ರಾಮನ್ನು ಅವರು ಮುಟ್ಟುತ್ತಲೇ ಇರಲಿಲ್ಲವಂತೆ.

“ಟೀಚರ್ ಆಗಿದ್ದೆ ಅಂದ್ರಿ. ಏನು ಕಲಿಸ್ತಿದ್ರಿ ಅಂತ ನಾನು ಕೇಳಲಿಲ್ಲ,” ಎಂದರು ಇನ್ಸ್‌ಪೆಕ್ಟರ್. “ವಯಸ್ಸಾದ ಹೆಂಗಸು, ಚಹಾ ತಂದುಕೊಟ್ರು. ಅಷ್ಟಕ್ಕೇ ಬಿಟ್ಟೆ. ತಪ್ಪು ನಂದು.”

ಟೀಚರಮ್ಮ ನಕ್ಕರು. ನಗು ಅರ್ಧಕ್ಕೆ ನಿಂತಿತು.

“ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ನಮಗಿಬ್ಬರಿಗೂ ಒಂದೇ ಕಾಲ ಇತ್ತು. ಮಧ್ಯಾಹ್ನ ಒಂದರಿಂದ ಎರಡು.”

ಸೊಸೆ ಮುದ್ರಣಾಲಯದಿಂದ ಊಟಕ್ಕೆ ಬರುತ್ತಿದ್ದಳು. ಇಬ್ಬರೂ ಇಲ್ಲೇ ಕೂತು ಉಣ್ಣುತ್ತಿದ್ದರು. ಬೆಳಗಿನಿಂದ ಸಣ್ಣ ಅಕ್ಷರ ನೋಡಿ ದಣಿದ ಕಣ್ಣು, ಬಿಸಿಲಿಗೆ ಬಂದರೆ ಬಲಗಣ್ಣಲ್ಲಿ ನೀರು. ಮುಂಗೈಯಿಂದ ಒರೆಸಿಕೊಂಡು, ನೋಡಿ ಅತ್ತೆ, ನಿಮ್ಮ ಅಡಿಗೆ ತಿಂದು ಅಳು ಬರ್ತಿದೆ ಎನ್ನುತ್ತಿದ್ದಳು. ಅವಳು ಹೋದ ಮೇಲೆ ಜನ ಬಂದರು. ಹೆತ್ತಮ್ಮನನ್ನು ತಬ್ಬಿದರು. ಗಂಡನ ಬೆನ್ನು ಸವರಿದರು. ಟೀಚರಮ್ಮನಿಗೆ, ನೀವು ಗಟ್ಟಿಯಾಗಿರಬೇಕು, ಮಗನನ್ನು ನೋಡಿಕೊಳ್ಳಿ ಎಂದರು. ಮಗ ಮೂರನೇ ವಾರ ಅವಳ ಬಟ್ಟೆಬರೆ ಎಲ್ಲ ಕೊಟ್ಟುಬಿಟ್ಟ, ನೋಡಲಾಗದೆ. ಅವಳ ಮಾತೆತ್ತಿದರೆ ಊಟ ಬಿಟ್ಟು ಏಳುತ್ತಿದ್ದ.

“ನಿಮಗೆ ಹೇಗಿದೆ ಅಂತ ಒಬ್ಬರೂ ನನ್ನ ಕೇಳಲಿಲ್ಲ. ಸೊಸೆ ತಾನೇ.” ಆಕೆ ಬಿಸಿಲಿನ ಕಡೆ ನೋಡಿದರು. “ಅವಳದು ಅಂತ ಈ ಭೂಮಿ ಮೇಲೆ ಎಲ್ಲೋ ಒಂದು ಚೂರು ಬೆಳಕು ನೋಡ್ತಾ ಇದೆ ಅಂತ ಗೊತ್ತಿತ್ತು. ಎಲ್ಲಿ ಅಂತ ತಿಳೀಬೇಕಿತ್ತು. ಅಷ್ಟೇ.”

ಒಂದು ಸಲ ಬ್ಯಾಂಕಿಗೆ ಫೋನ್ ಮಾಡಿ ಕೇಳಿದ್ದರಂತೆ. ನಿಯಮ ಇಲ್ಲಮ್ಮ ಎಂದಿದ್ದರು, ಬಹಳ ಮೃದುವಾಗಿ. ಆಮೇಲೆ ಒಂದು ಮಧ್ಯಾಹ್ನ ಕೃತಜ್ಞತಾ ಪತ್ರ ತೆರೆದು ಓದುವಾಗ, ಹಳೆಯ ಅಭ್ಯಾಸಕ್ಕೆ ಅದರ ವಿವರ ನೋಡಿದರು. ಬೀಗ ಎಷ್ಟು ಹಳೆಯದೆಂದು ಕಂಡಿತು. ಆ ಬೀಗ ತೆಗೆಯುವ ಬಗೆಯನ್ನು ತರಗತಿಯಲ್ಲಿ ಅವರೇ ವರ್ಷಾನುಗಟ್ಟಲೆ ಕಲಿಸಿದ್ದರು, ಹೀಗೆ ಮಾಡಬಾರದು ಎಂದು.

“ಒಂದೇ ಸಾಲು ತಗೊಂಡೆ. ಬೇರೆಯವರದು ಕಣ್ಣೆತ್ತಿ ನೋಡಲಿಲ್ಲ.”

“ನೀವು ನೋಡಲಿಲ್ಲ ಟೀಚರ್. ಆದ್ರೆ ನೀವು ತೆಗೆದಿಟ್ಟ ಬಾಗಿಲು ಮೂರು ದಿನ ತೆರೆದೇ ಇತ್ತು. ಹಿಂದೆ ಇನ್ಯಾರಾದ್ರೂ ಬಂದಿದ್ರೆ?” ಇನ್ಸ್‌ಪೆಕ್ಟರ್ ಮುಂದಿನದನ್ನೂ ಹೇಳಲೇಬೇಕಿತ್ತು. “ದೊಡ್ಡಕ್ಕನ್ನ ಮನೆಗೆ ಕಳಿಸಿದ್ದಾರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಇಬ್ಬರು ಕಣ್ಣು ಕೊಡಲ್ಲ ಅಂತ ಬರೆದುಕೊಟ್ಟು ಹೋದ್ರು.”

ಟೀಚರಮ್ಮನ ಮುಖದ ಬಣ್ಣ ಇಳಿಯಿತು. ಆಮೇಲೆ ಎದ್ದು ಚಪ್ಪಲಿ ಹುಡುಕಿದರು.

“ನಡೀರಿ,” ಎಂದರು.

* * *

ನಿರ್ದೇಶಕರ ಕೋಣೆಯಲ್ಲಿ, ಅವರ ಮುಂದೆ, ಕರೆಸಿದ್ದ ದೊಡ್ಡಕ್ಕನ ಮುಂದೆ, ಟೀಚರಮ್ಮ ನಿಂತುಕೊಂಡೇ ಎಲ್ಲ ಒಪ್ಪಿಕೊಂಡರು. ನಿರ್ದೇಶಕರು ಅಮಾನತಿನ ಕಾಗದ ಹರಿದು, ಏನು ಹೇಳಬೇಕೋ ತಿಳಿಯದೆ ದೊಡ್ಡಕ್ಕನಿಗೆ ಕೈ ಮುಗಿದರು.

ದೊಡ್ಡಕ್ಕ ಅವರ ಕಡೆ ನೋಡಲಿಲ್ಲ.

“ಕಡತ ತೆರೀತಿಲ್ಲ ಅಂತ ಮೂರು ಸಲ ಬರೆದೆನಲ್ಲಮ್ಮಾ. ಉತ್ತರ ಯಾಕೆ ಕೊಡಲಿಲ್ಲ?”

“ನಾಚಿಕೆ ಆಯ್ತು,” ಎಂದರು ಟೀಚರಮ್ಮ. “ನಾನು ಮೋಸ ಮಾಡಿದ್ದೆ. ನೀವು ದಯವಿಟ್ಟು ಅಂತ ಬರೆದಿದ್ರಿ.”

ದೊಡ್ಡಕ್ಕ ಅವರ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಬೈಯಬೇಕೆಂದೇ ಬಂದಿದ್ದರಂತೆ, ಆಮೇಲೆ ಹೇಳಿದರು.

ಠಾಣೆಗೆ ಹೊರಡುವ ಮೊದಲು ಟೀಚರಮ್ಮ ರಿಪೇರಿಯವನನ್ನು ಕರೆದರು. ಹೊಸ ತಂತ್ರಾಂಶ ಇವತ್ತೇ ಹಾಕಬೇಕು, ಪ್ರಿಂಟರ್ ನಿಂತರೆ ಪ್ರಿಂಟರ್ ಸರಿಮಾಡಬೇಕು. ಕಡತದೊಳಗಿನ ಆಜ್ಞೆಗಳು ನಡೆಯದಂತೆ ತಡೆಯುವ ಆಯ್ಕೆ ಇದೆ, ಅದನ್ನು ಹಾಕಬೇಕು. ಎಲ್ಲಕ್ಕಿಂತ ಮುಖ್ಯ, ಪಟ್ಟಿ ಇರುವ ಯಂತ್ರದಲ್ಲಿ ಹೊರಗಿನ ಅಂಚೆ ತೆರೆಯಲೇಬಾರದು. ಅವನು ಕೈಕಟ್ಟಿ ಕೇಳಿದ. ಬರ್ಕೋ ಎಂದು ಗದರಿದರು. ಬರೆದುಕೊಂಡ.

ಕಾನೂನು ತನ್ನ ಕೆಲಸ ಮಾಡಿತು. ಇನ್ಸ್‌ಪೆಕ್ಟರ್ ಏನನ್ನೂ ಮುಚ್ಚಲಿಲ್ಲ, ಏನನ್ನೂ ಹೆಚ್ಚಿಸಲಿಲ್ಲ. ನ್ಯಾಯಾಲಯ ಆಕೆಯ ವಯಸ್ಸು, ತಪ್ಪೊಪ್ಪಿಗೆ ನೋಡಿ, ಜೈಲಿಗೆ ಕಳಿಸದೆ ಎರಡು ವರ್ಷದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡಿತು. ಆ ದಿನ ಮಗ ಬಂದಿದ್ದ. ಹೊರಗೆ ಬಂದಾಗ ತಾಯಿಯ ಕೈ ಹಿಡಿದು, ಅವಳ ಬಗ್ಗೆ ಹೇಳಮ್ಮ, ನನಗೆ ಗೊತ್ತಿಲ್ಲದ್ದು ಎಂದ. ದೊಡ್ಡಕ್ಕ ಒಪ್ಪಿಗೆ ಹಿಂದಕ್ಕೆ ಪಡೆದ ಇಬ್ಬರ ಮನೆಗೂ ಹೋಗಿ, ನಡೆದದ್ದನ್ನು ನಡೆದ ಹಾಗೇ ಹೇಳಿದರು. ಒಬ್ಬರು ಮತ್ತೆ ಸಹಿ ಹಾಕಿದರು. ಇನ್ನೊಬ್ಬರು ಹಾಕಲಿಲ್ಲ.

* * *

ಟೈಲರಮ್ಮನಿಗೆ ವಿಷಯ ತಿಳಿಸುವುದು ಬಾಕಿಯಿತ್ತು. ಇನ್ಸ್‌ಪೆಕ್ಟರ್ ಅಂಗಡಿಗೇ ಹೋಗಿ ಹೇಳಿದರು. ಆಕೆ ನಿಮ್ಮ ತಂಟೆಗೆ ಬರುವುದಿಲ್ಲ, ಬರಬಾರದೆಂದು ನ್ಯಾಯಾಲಯ ಹೇಳಿದೆ ಎಂದರು. ಟೈಲರಮ್ಮ ಯಂತ್ರ ನಿಲ್ಲಿಸಿ ಕೇಳಿಸಿಕೊಂಡಳು.

“ಅವರು ಬರಬಾರದು ಅಂತ ಇದೆ,” ಎಂದಳು. “ನಾನು ಕರೆಯಬಾರದು ಅಂತ ಇದೆಯಾ?”

ಇರಲಿಲ್ಲ. ನಿರ್ದೇಶಕರು ಇಬ್ಬರಿಂದಲೂ ಬರವಣಿಗೆಯಲ್ಲಿ ಒಪ್ಪಿಗೆ ಪಡೆದರು, ನ್ಯಾಯಾಲಯಕ್ಕೂ ತಿಳಿಸಿದರು. ಒಂದು ಗುರುವಾರ ಮಧ್ಯಾಹ್ನ ನೋಂದಣಿ ಕೋಣೆಯಲ್ಲಿ ಇಬ್ಬರೂ ಎದುರುಬದುರು ಕೂತರು. ಟೀಚರಮ್ಮ ತಲೆ ತಗ್ಗಿಸಿದವರು ಎತ್ತಲೇ ಇಲ್ಲ. ಆ ಕಣ್ಣನ್ನು ನೋಡಲು ಇಷ್ಟೆಲ್ಲ ಮಾಡಿದಾಕೆ, ಈಗ ಅದು ಎದುರಿಗಿದ್ದರೂ ನೋಡಲಾರದೆ ಕೂತಿದ್ದರು.

ಟೈಲರಮ್ಮನಿಗೆ ಸಮಾಧಾನದ ಮಾತು ಆಡಿ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದ ರೀತಿಯಲ್ಲಿ ಶುರುಮಾಡಿದಳು.

“ನಿಮ್ಮ ಸೊಸೆ ಎಷ್ಟು ಎತ್ತರ ಇದ್ರು?”

ಟೀಚರಮ್ಮ ತಲೆ ಎತ್ತಿದರು. ಕೈಯನ್ನು ತಮ್ಮ ಕಿವಿಯ ಮಟ್ಟಕ್ಕೆ ಹಿಡಿದು ತೋರಿಸಿದರು.

“ಭುಜ ಅಗಲವೋ, ಇಳಿಜಾರೋ?”

“ಇಳಿಜಾರು. ಚೀಲ ಹಾಕಿದ್ರೆ ಜಾರಿ ಬೀಳ್ತಿತ್ತು.”

“ತೋಳು?”

“ಮೊಣಕೈವರೆಗೆ ಹೊಲಿಸ್ತಿದ್ದಳು. ಆಮೇಲೆ ಮಡಿಸಿ ಮಡಿಸಿ ಮೇಲೆ ಹಾಕ್ಕೊಳ್ಳೋಳು. ಹಾಗಾದ್ರೆ ಉದ್ದ ಯಾಕೆ ಹೊಲಿಸ್ತೀಯೆ ಅಂತ ನಾನು ಬೈತಿದ್ದೆ.”

ಟೈಲರಮ್ಮ ಚೀಲದಿಂದ ಅಳತೆ ಪುಸ್ತಕ ತೆಗೆದು, ಹೊಸ ಪುಟ ತಿರುವಿ, ಪೆನ್ಸಿಲಿನ ಮೊನೆ ನಾಲಿಗೆಗೆ ತಾಗಿಸಿದಳು.

“ಹೇಳಿ ಅಮ್ಮ,” ಎಂದಳು. “ನಿಧಾನವಾಗಿ ಹೇಳಿ.”